ಬಾರದ ಅಂಕಿಯ ಲೆಕ್ಕ

ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್‌ನಲ್ಲಿ ಫಂಕ್ಷನ್ ಎಂದರೆ ಒಂದು ನಿಗದಿತ ಕೆಲಸಕ್ಕೆಂದು ಬರೆದಿಟ್ಟ ಸೂಚನೆಗಳ ಕಟ್ಟು. ಅದಕ್ಕೆ ಅಂಕಿಗಳನ್ನು ಕೊಟ್ಟರೆ ಅದು ಉತ್ತರ ಕೊಡುತ್ತದೆ: ಒಂದು ಫಂಕ್ಷನ್ ಸರಾಸರಿ ತೆಗೆಯುತ್ತದೆ, ಇನ್ನೊಂದು ಕೂಡುತ್ತದೆ, ಮತ್ತೊಂದು ಎಲ್ಲಕ್ಕಿಂತ ದೊಡ್ಡದನ್ನು ಆರಿಸುತ್ತದೆ. ಹೀಗೆ ಒಳಗೆ ಕೊಡುವ ಮೌಲ್ಯಗಳಿಗೆ ಆರ್ಗ್ಯುಮೆಂಟ್ ಎಂದು ಹೆಸರು. ಕೊಡಬೇಕಾದುದನ್ನೆಲ್ಲ ಸರಿಯಾಗಿ ಕೊಟ್ಟಾಗ ತೊಂದರೆಯಿಲ್ಲ. ಕೊಡಬೇಕಾದ ಅಂಕಿಗಳಲ್ಲಿ ಒಂದೆರಡು ಬಾರದೇ ಹೋದಾಗ ಫಂಕ್ಷನ್ ಏನು ಮಾಡಬೇಕು ಎಂಬಲ್ಲಿ ಪ್ರಶ್ನೆ ಏಳುತ್ತದೆ. ನಿಂತು ಕೇಳಬೇಕೆ, ಬಾರದ್ದನ್ನು ಬಿಟ್ಟು ಉಳಿದದ್ದರಲ್ಲಿ ಲೆಕ್ಕ ಮುಗಿಸಬೇಕೆ, ಅಥವಾ ಉತ್ತರ ಗೊತ್ತಿಲ್ಲ ಎಂದು ಹೇಳಬೇಕೆ? ಮಳೆಯ ವರದಿ, ಗಾಳಿಯ ಗುಣಮಟ್ಟ, ಬೆಳೆ ಪ್ರಯೋಗ, ಔಷಧ ಪರೀಕ್ಷೆ, ಇವೆಲ್ಲ ಇಂದು ಇಂಥ ಫಂಕ್ಷನ್‌ಗಳ ಮೂಲಕವೇ ಹಾದು ಬರುತ್ತವೆ. ಆದ್ದರಿಂದ ಈ ಪ್ರಶ್ನೆಗೆ ಸಿಗುವ ಉತ್ತರ ಕಂಪ್ಯೂಟರ್ ಮುಂದೆ ಕೂತವರಿಗಷ್ಟೇ ಸಂಬಂಧಿಸಿದ್ದಲ್ಲ.

ಹೈದರಾಬಾದಿನ ವಾಯವ್ಯ ಅಂಚಿನ ಮಿಯಾಪುರವನ್ನೇ ನೋಡಬಹುದು. ರಂಗಾರೆಡ್ಡಿ ಜಿಲ್ಲೆಯ ಶೇರಿಲಿಂಗಂಪಲ್ಲಿ ಮಂಡಲದ ಈ ಬಡಾವಣೆ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 65ರ ಮೇಲಿದೆ. ತೆಲಂಗಾಣ ಡೆವಲಪ್‌ಮೆಂಟ್ ಪ್ಲಾನಿಂಗ್ ಸೊಸೈಟಿಯ ಸ್ವಯಂಚಾಲಿತ ಹವಾಮಾನ ಕೇಂದ್ರಗಳ ಮಳೆ ಪಟ್ಟಿಯಲ್ಲಿ ಮಿಯಾಪುರದ ಹೆಸರು ಆಗಾಗ ಮೇಲಿನ ಸಾಲುಗಳಲ್ಲೇ ಕಾಣುತ್ತದೆ. 2023ರ ಸೆಪ್ಟೆಂಬರ್ 5ರಂದು ನಗರಕ್ಕೆ ಬಡಿದ ಮಳೆಯಲ್ಲಿ ಇಲ್ಲಿ 14 ಸೆಂಟಿಮೀಟರಿಗೂ ಹೆಚ್ಚು ಬಿದ್ದಿತ್ತು. ಅಂಥ ಒಂದು ವಾರದ ಮಳೆಯನ್ನು ಕಲ್ಪಿಸಿಕೊಳ್ಳೋಣ. ಏಳು ದಿನಗಳ ಅಂಕಿಗಳು ಮಿಲಿಮೀಟರಿನಲ್ಲಿ 12, 0, 0, ಖಾಲಿ, 31, 4, 9 ಎಂದು ಬಂದಿವೆ. ನಾಲ್ಕನೆಯ ದಿನ ಅಂಕಿಯೇ ಬಂದಿಲ್ಲ. ಖಾಲಿ ಜಾಗವನ್ನು ಸೊನ್ನೆ ಎಂದು ಎಣಿಸಿದರೆ ದಿನದ ಸರಾಸರಿ 8 ಮಿಲಿಮೀಟರ್. ಆ ದಿನವನ್ನೇ ಕೈಬಿಟ್ಟು ಆರರಿಂದ ಭಾಗಿಸಿದರೆ 9.3. ಆ ದಿನ ನಿಜಕ್ಕೂ 140 ಮಿಲಿಮೀಟರ್ ಸುರಿದು, ಮಳೆಮಾಪಕದ ವಿದ್ಯುತ್ತೋ ಸಿಗ್ನಲ್ಲೋ ಕೈಕೊಟ್ಟಿದ್ದರೆ ಸರಿಯಾದ ಸರಾಸರಿ 28. ಮೂರೂ ಉತ್ತರಗಳನ್ನು ಕಂಪ್ಯೂಟರ್ ಒಂದೇ ಬಗೆಯ ಆತ್ಮವಿಶ್ವಾಸದಿಂದ ಮುದ್ರಿಸಬಲ್ಲದು. ಈ ಕಾರಣಕ್ಕೇ ಫಂಕ್ಷನ್ ಒಳಗೆ ಲೆಕ್ಕ ಶುರುವಾಗುವ ಮುನ್ನ ಬಂದ ಆರ್ಗ್ಯುಮೆಂಟುಗಳನ್ನು ತಪಾಸಿಸುವ ಕ್ರಮ ಬೇಕು.

ತಪಾಸಣೆ ಎಂದರೆ ಒಂದೇ ಪ್ರಶ್ನೆ ಕೇಳುವುದಲ್ಲ, ಏಕೆಂದರೆ ಇಲ್ಲದಿರುವುದರಲ್ಲೂ ಬಗೆಗಳಿವೆ. ಸಂಖ್ಯಾಶಾಸ್ತ್ರಜ್ಞರು ಹೆಚ್ಚಾಗಿ ಬಳಸುವ ಆರ್ ಭಾಷೆಯಲ್ಲಿ ಈ ಬಗೆಗಳು ಸ್ಪಷ್ಟವಾಗಿ ಬೇರೆ ಬೇರೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಕಟ್ಟಿದ ಭಾಷೆ ಇದು. ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರವರಿ 29ರಂದು ಬಂತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಿಂದ ಬೆಳೆಸಿದ ಎಸ್ ಭಾಷೆ ಅದರ ಮೂಲ. ದತ್ತಾಂಶದಲ್ಲಿ ಖಾಲಿ ಜಾಗ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು ರೂಪಿಸಿದ ಭಾಷೆ ಎಂಬುದು ಆರ್‌ನ ದೊಡ್ಡ ಗುಣ.

ಮೊದಲ ಬಗೆಯ ಇಲ್ಲದಿರುವಿಕೆ: ಆರ್ಗ್ಯುಮೆಂಟನ್ನು ಕೊಟ್ಟೇ ಇಲ್ಲ. ಮಳೆಯ ಅಂಕಿ ಮತ್ತು ದಿನಾಂಕ ಎರಡನ್ನೂ ಕೇಳುವ ಫಂಕ್ಷನ್ನಿಗೆ ಮಳೆಯನ್ನು ಮಾತ್ರ ಕೊಟ್ಟು ದಿನಾಂಕ ಮರೆತರೆ ಅದು ಈ ಬಗೆ. ಇದನ್ನು ಕಂಡುಹಿಡಿಯಲು ಆರ್‌ನಲ್ಲಿ 'ಮಿಸ್ಸಿಂಗ್' ಎಂಬ ಫಂಕ್ಷನ್ ಇದೆ. ಅದು ಇನ್ನೊಂದು ಫಂಕ್ಷನ್ನಿನ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಕರೆದವರು ಈ ಹೆಸರಿನ ಆರ್ಗ್ಯುಮೆಂಟನ್ನು ಕೊಟ್ಟಿದ್ದಾರೆಯೇ ಎಂಬುದಷ್ಟೇ ಅದರ ಪ್ರಶ್ನೆ, ಕೊಟ್ಟದ್ದರ ಒಳಗೆ ಏನಿದೆ ಎಂಬುದಲ್ಲ. ಆ ಹೆಸರಿಗೆ ಫಂಕ್ಷನ್ ಒಳಗೆ ಹೊಸ ಮೌಲ್ಯ ತುಂಬಿದ ಮೇಲೆ 'ಮಿಸ್ಸಿಂಗ್' ಕೊಡುವ ಉತ್ತರವನ್ನು ನಂಬುವಂತಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಫಂಕ್ಷನ್ನಿನ ಮೊದಲ ಸಾಲುಗಳಲ್ಲೇ ಕೇಳುವುದು ರೂಢಿ.

ಇಲ್ಲೊಂದು ಸೂಕ್ಷ್ಮವಿದೆ. ಆರ್ ಭಾಷೆ ಆರ್ಗ್ಯುಮೆಂಟನ್ನು ಬೇಕಾಗುವ ತನಕ ಮುಟ್ಟುವುದಿಲ್ಲ. ದಿನಾಂಕ ಕೊಡದಿದ್ದರೂ ಫಂಕ್ಷನ್ ಓಡತೊಡಗುತ್ತದೆ. ಕಡತ ತೆರೆಯುತ್ತದೆ, ಅರ್ಧ ಲೆಕ್ಕ ಮಾಡುತ್ತದೆ, ನಲವತ್ತನೆಯ ಸಾಲಿನಲ್ಲಿ ದಿನಾಂಕ ಬೇಕಾದಾಗ ಅದು ಇಲ್ಲವೆಂದು ನಿಲ್ಲುತ್ತದೆ. ಆ ಹೊತ್ತಿಗೆ ದೋಷದ ಸಂದೇಶ ತೋರಿಸುವುದು ಒಳಗಿನ ಯಾವುದೋ ಹೆಸರನ್ನು. ಕರೆದವರಿಗೆ ತಾವೇನು ಮರೆತೆವೆಂಬುದೇ ತಿಳಿಯದು. ಇನ್ನೂ ಕೆಟ್ಟದ್ದೆಂದರೆ, ದಿನಾಂಕ ಬೇಕಾಗುವ ಕವಲನ್ನು ಇವತ್ತಿನ ದತ್ತಾಂಶ ಮುಟ್ಟದೇ ಹೋದರೆ ದೋಷ ಕಾಣುವುದೇ ಇಲ್ಲ. ಮುಂದಿನ ತಿಂಗಳು, ಬೇರೆಯವರ ಕೈಯಲ್ಲಿ ಅದು ಒಡೆಯುತ್ತದೆ.

ಎರಡನೆಯ ಬಗೆಗೆ ಆರ್‌ನಲ್ಲಿ 'ನಲ್' ಎಂದು ಹೆಸರು. ಇಲ್ಲಿ ಆರ್ಗ್ಯುಮೆಂಟನ್ನು ಕೊಟ್ಟಿದ್ದಾರೆ, ಆದರೆ ಕೊಟ್ಟದ್ದೇ ಏನೂ ಇಲ್ಲದ್ದು. ಇದರ ಉದ್ದ ಸೊನ್ನೆ. 'ಈ ಆಯ್ಕೆ ಬೇಡ' ಎಂದು ಹೇಳಲು ಇದು ಒಳ್ಳೆಯ ಉಪಾಯ, ದತ್ತಾಂಶದ ನಡುವೆ ನುಸುಳಿದರೆ ಮಾತ್ರ ಅಪಾಯ. ಏಳು ದಿನಗಳ ಅಂಕಿಗಳನ್ನು ಜೋಡಿಸುವಾಗ ಒಂದು ದಿನದ ಜಾಗದಲ್ಲಿ 'ನಲ್' ಬಂದರೆ ಅದು ಗುರುತೂ ಉಳಿಸದೆ ಮಾಯವಾಗುತ್ತದೆ; ಪಟ್ಟಿಯಲ್ಲಿ ಆರೇ ಅಂಕಿ ಉಳಿಯುತ್ತವೆ, ಐದನೆಯ ದಿನದ ಮಳೆ ನಾಲ್ಕನೆಯ ದಿನಕ್ಕೆ ಸರಿದು ಕೂರುತ್ತದೆ. ಆದ್ದರಿಂದ ಉದ್ದವನ್ನು ಎಣಿಸುವುದೂ ತಪಾಸಣೆಯ ಭಾಗ. ಏಳು ದಿನ ಎಂದ ಮೇಲೆ ಏಳು ಅಂಕಿ ಬಂದಿವೆಯೇ ಎಂದು ಕೇಳಬೇಕು.

ಮೂರನೆಯದು 'ಎನ್‌ಎ'. ಜಾಗ ಇದೆ, ಅಂಕಿ ಗೊತ್ತಿಲ್ಲ. ಮಿಯಾಪುರದ ನಾಲ್ಕನೆಯ ದಿನಕ್ಕೆ ಸರಿಯಾದ ಗುರುತು ಇದೇ: ದಿನ ಬಂದು ಹೋಗಿದೆ, ಮಳೆ ಬಿದ್ದಿರಬಹುದು, ಬೀಳದೆಯೂ ಇರಬಹುದು. ಇದರ ಪಕ್ಕದಲ್ಲೇ 'ಎನ್‌ಎಎನ್' ಎಂಬ ಇನ್ನೊಂದು ಗುರುತು ಸಿಗುತ್ತದೆ. ಅದು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವಂಥ, ಅಂಕಿಯೇ ಅಲ್ಲದ ಫಲಿತಾಂಶ. ಕಂಪ್ಯೂಟರಿನ ಒಳಗೆ ಇವೆರಡೂ ನೆಂಟರು. ದಶಾಂಶ ಅಂಕಿಗಳಲ್ಲಿ ಆರ್ ಭಾಷೆ 'ಎನ್‌ಎ'ಯನ್ನು 1954 ಎಂಬ ಗುರುತು ಹೊತ್ತ ಒಂದು ವಿಶೇಷ 'ಎನ್‌ಎಎನ್' ಆಗಿಯೇ ಬಚ್ಚಿಡುತ್ತದೆ. ಪೂರ್ಣಾಂಕಗಳಲ್ಲಿ ಅಂಥ ಅನುಕೂಲ ಇಲ್ಲದ್ದರಿಂದ ಋಣ 2,14,74,83,648 ಎಂಬ ಅತಿ ಚಿಕ್ಕ ಅಂಕಿಯನ್ನೇ ಈ ಕೆಲಸಕ್ಕೆ ಮೀಸಲಿಟ್ಟಿದೆ.

'ಎನ್‌ಎ'ಯ ನಡವಳಿಕೆ ಮೊದಲಿಗೆ ವಿಚಿತ್ರ ಅನ್ನಿಸಿದರೂ ತರ್ಕಬದ್ಧ. ಗೊತ್ತಿಲ್ಲದ್ದಕ್ಕೆ 5 ಕೂಡಿಸಿದರೆ ಉತ್ತರವೂ ಗೊತ್ತಿಲ್ಲ. ಹೀಗೆ ಅದು ಮುಟ್ಟಿದ ಲೆಕ್ಕವನ್ನೆಲ್ಲ ತನ್ನಂತೆ ಮಾಡುತ್ತ ಹೋಗುತ್ತದೆ. ಏಳು ದಿನಗಳಲ್ಲಿ ಒಂದು 'ಎನ್‌ಎ' ಇದ್ದರೆ ಸರಾಸರಿಯೂ 'ಎನ್‌ಎ'. ಆದರೆ ಗೊತ್ತಿಲ್ಲದ ಅಂಕಿ ಏನೇ ಆಗಿದ್ದರೂ ಉತ್ತರ ಒಂದೇ ಆಗುವಂತಿದ್ದರೆ ಆರ್ ಆ ಉತ್ತರವನ್ನು ಕೊಡುತ್ತದೆ. ಯಾವ ಅಂಕಿಯ ಸೊನ್ನೆಯ ಘಾತವೂ 1 ಆದ್ದರಿಂದ 'ಎನ್‌ಎ'ಯ ಸೊನ್ನೆಯ ಘಾತವೂ 1. 'ಗೊತ್ತಿಲ್ಲ ಅಥವಾ ನಿಜ' ಎಂಬುದಕ್ಕೆ ಉತ್ತರ ನಿಜ. 'ಗೊತ್ತಿಲ್ಲ ಮತ್ತು ಸುಳ್ಳು' ಎಂಬುದಕ್ಕೆ ಸುಳ್ಳು. ಹೊಸಬರನ್ನು ಬೀಳಿಸುವುದು ಸಮಾನತೆಯ ಪ್ರಶ್ನೆ. ಒಂದು ಅಂಕಿ 'ಎನ್‌ಎ'ಗೆ ಸಮವೇ ಎಂದು ಕೇಳಿದರೆ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ, ಮತ್ತೆ 'ಎನ್‌ಎ'ಯೇ. 'ಎನ್‌ಎ' ತನಗೆ ತಾನೇ ಸಮವೇ ಎಂದರೂ ಅದೇ ಉತ್ತರ. ಎರಡು ಊರುಗಳ ಮಳೆ ಗೊತ್ತಿಲ್ಲದಿದ್ದಾಗ ಎರಡೂ ಕಡೆ ಒಂದೇ ಮಳೆ ಬಿತ್ತೆಂದು ಹೇಳುವಂತಿಲ್ಲವಲ್ಲ. ಆದ್ದರಿಂದ ಇದಕ್ಕೆಂದೇ 'ಇಸ್ ಎನ್‌ಎ' ಎಂಬ ಪ್ರತ್ಯೇಕ ಪರೀಕ್ಷೆ ಇದೆ.

ಆ ಪರೀಕ್ಷೆ ಒಂದೊಂದೇ ಅಂಕಿಯನ್ನು ನೋಡಿ ಉತ್ತರ ಕೊಡುತ್ತದೆ. ಏಳು ಅಂಕಿ ಕೊಟ್ಟರೆ ಏಳು ಉತ್ತರ. ಅವನ್ನು ಹಾಗೆಯೇ 'ಹೀಗಿದ್ದರೆ ಹಾಗೆ' ಎಂಬ ಷರತ್ತಿನಲ್ಲಿಟ್ಟರೆ ಹಿಂದೆ ಆರ್ ಮೊದಲ ಉತ್ತರವನ್ನು ಮಾತ್ರ ನೋಡಿ, ಎಚ್ಚರಿಕೆ ಹೇಳಿ ಮುಂದೆ ಹೋಗುತ್ತಿತ್ತು. ಮೊದಲ ದಿನ ಸರಿಯಿದ್ದರೆ ಆರು ದಿನಗಳ ಖಾಲಿ ಜಾಗ ಒಳಗೆ ಹೋಗಿಬಿಡುತ್ತಿತ್ತು. 2022ರಲ್ಲಿ ಬಂದ 4.2 ಆವೃತ್ತಿಯಿಂದ ಇದು ದೋಷವೆಂದೇ ನಿಲ್ಲುತ್ತದೆ. ಹತ್ತಾರು ವರ್ಷ ಹಳೆಯ ಎಷ್ಟೋ ಪ್ರೋಗ್ರಾಮುಗಳು ಅಂದು ಒಡೆದವು, ಒಡೆದದ್ದು ಒಳ್ಳೆಯದೇ ಆಯಿತು. ಇಡೀ ಪಟ್ಟಿಯಲ್ಲಿ ಒಂದಾದರೂ ಖಾಲಿ ಇದೆಯೇ ಎಂದು ಕೇಳಲು 2014ರಿಂದ 'ಎನಿ ಎನ್‌ಎ' ಎಂಬ ಫಂಕ್ಷನ್ ಇದೆ. ಇನ್ನು 'ನಲ್'ಗೆ 'ಇಸ್ ಎನ್‌ಎ' ಪರೀಕ್ಷೆ ಹಾಕಿದರೆ ಬರುವುದು ಉದ್ದ ಸೊನ್ನೆಯ ಉತ್ತರ. ಅದನ್ನು ಷರತ್ತಿನಲ್ಲಿಟ್ಟರೆ ಮತ್ತೊಂದು ದೋಷ. ಹೀಗಾಗಿ ತಪಾಸಣೆಗೆ ಒಂದು ಕ್ರಮ ಇದೆ. ಕೊಟ್ಟಿದ್ದಾರೆಯೇ ಎಂಬುದು ಮೊದಲು, 'ನಲ್' ಅಲ್ಲವೇ ಎಂಬುದು ನಂತರ, ಅಂಕಿಯ ಜಾತಿ ಮತ್ತು ಉದ್ದ ಆಮೇಲೆ, ಒಳಗೆ 'ಎನ್‌ಎ' ಇದೆಯೇ ಎಂಬುದು ಕೊನೆಗೆ. ಕ್ರಮ ತಪ್ಪಿದರೆ ತಪಾಸಣೆಯ ಸಾಲೇ ಮುಗ್ಗರಿಸುತ್ತದೆ.

ಮಿಯಾಪುರದಿಂದ ಕೆಂಪು ಮಾರ್ಗದ ಮೆಟ್ರೋ ಹತ್ತಿದರೆ ಸಾಫ್ಟ್‌ವೇರ್ ತರಬೇತಿ ಕೇಂದ್ರಗಳಿಗೆ ಹೆಸರಾದ ಅಮೀರ್‌ಪೇಟೆ ಸಿಗುತ್ತದೆ. ಅಮೀರ್‌ಪೇಟೆಯಲ್ಲಿ ಆರ್ ಜೊತೆಗೆ ಪೈಥಾನ್, ಸ್ಯಾಸ್ ಭಾಷೆಗಳನ್ನೂ ಕಲಿಯುವವರಿದ್ದಾರೆ. ಒಂದು ಭಾಷೆಯಲ್ಲಿ ಕಲಿತ ಅಭ್ಯಾಸ ಇನ್ನೊಂದರಲ್ಲಿ ಕೈಕೊಡುವುದು ಈ ವಿಷಯದಲ್ಲೇ ಹೆಚ್ಚು. ಔಷಧ ಪರೀಕ್ಷೆಗಳ ಲೆಕ್ಕದಲ್ಲಿ ಬೇರೂರಿರುವ ಸ್ಯಾಸ್ ಖಾಲಿ ಅಂಕಿಯನ್ನು ಒಂದು ಚುಕ್ಕಿಯಿಂದ ಗುರುತಿಸುತ್ತದೆ, ಹೋಲಿಸುವಾಗ ಅದನ್ನು ಎಲ್ಲ ಅಂಕಿಗಳಿಗಿಂತ ಚಿಕ್ಕದೆಂದು ಎಣಿಸುತ್ತದೆ. ವಯಸ್ಸು 18ಕ್ಕಿಂತ ಕಡಿಮೆ ಇರುವವರನ್ನು ಆರಿಸು ಎಂದರೆ ವಯಸ್ಸು ಬರೆಯದೇ ಬಿಟ್ಟವರೆಲ್ಲ ಮಕ್ಕಳ ಸಾಲಿಗೆ ಸೇರುತ್ತಾರೆ. ಅರ್ಥಶಾಸ್ತ್ರಜ್ಞರು ಮೆಚ್ಚುವ ಸ್ಟೇಟಾದಲ್ಲೂ ಗುರುತು ಚುಕ್ಕಿಯೇ, ನಿಯಮ ಮಾತ್ರ ತಲೆಕೆಳಗು: ಅಲ್ಲಿ ಖಾಲಿ ಎಂದರೆ ಎಲ್ಲಕ್ಕಿಂತ ದೊಡ್ಡದು. ಆದಾಯ 50,000ಕ್ಕಿಂತ ಹೆಚ್ಚಿರುವವರನ್ನು ಕೇಳಿದರೆ ಆದಾಯ ಹೇಳದವರೂ ಶ್ರೀಮಂತರಾಗುತ್ತಾರೆ. ಎರಡೂ ಕಡೆ ದೋಷದ ಸಂದೇಶ ಬರುವುದಿಲ್ಲ.

ಪೈಥಾನಿನ ಪಾಂಡಾಸ್ ಎಂಬ ಸಾಧನ ಖಾಲಿ ಅಂಕಿಗಳನ್ನು ಕೇಳದೆಯೇ ಬಿಟ್ಟು ಲೆಕ್ಕ ಮಾಡುತ್ತದೆ. ಆರ್‌ನ ಸರಾಸರಿ ಖಾಲಿ ಕಂಡರೆ ಗೊತ್ತಿಲ್ಲ ಎನ್ನುತ್ತದೆ. ಪಾಂಡಾಸ್‌ನ ಸರಾಸರಿ ಉಳಿದ ಅಂಕಿಗಳಿಂದ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅದರಲ್ಲಿ ಇನ್ನೊಂದು ವಿಲಕ್ಷಣತೆಯೂ ಇದೆ. ಪೂರ್ಣಾಂಕಗಳ ಕಂಬಸಾಲಿನಲ್ಲಿ ಒಂದೇ ಒಂದು ಜಾಗ ಖಾಲಿಯಾದರೂ ಇಡೀ ಕಂಬಸಾಲು ಸಾಮಾನ್ಯವಾಗಿ ದಶಾಂಶಕ್ಕೆ ತಿರುಗುತ್ತದೆ, ಮಿಯಾಪುರದ ಪಿನ್‌ಕೋಡ್ 500049 ಎಂಬುದು 500049.0 ಆಗುತ್ತದೆ. ಪಿನ್‌ಕೋಡುಗಳ ಪಟ್ಟಿಯಲ್ಲಿ ಹೀಗೆ ದಶಾಂಶ ಚುಕ್ಕಿ ಕಂಡರೆ ಎಲ್ಲೋ ಒಂದು ಅಂಕಿ ಕಾಣೆಯಾಗಿದೆ ಎಂದು ಅನುಭವಿಗಳು ಊಹಿಸುತ್ತಾರೆ.

ಆರ್‌ನಲ್ಲೂ ಖಾಲಿ ಅಂಕಿಗಳನ್ನು ಬಿಟ್ಟು ಲೆಕ್ಕ ಮಾಡು ಎಂದು ಹೇಳುವ ಒಂದು ಸ್ವಿಚ್ ಇದೆ. 'ಎನ್‌ಎ ಆರ್‌ಎಂ' ಎಂಬ ಆ ಆರ್ಗ್ಯುಮೆಂಟನ್ನು ನಿಜ ಎಂದು ಕೊಟ್ಟರೆ 'ಗೊತ್ತಿಲ್ಲ' ಎಂಬ ಉತ್ತರ ತಟ್ಟನೆ ಅಂಕಿಯಾಗಿ ಬದಲಾಗುತ್ತದೆ. ಕೆಲಸದ ಒತ್ತಡದಲ್ಲಿರುವವರಿಗೆ ಇದರಷ್ಟು ಹಿತವಾದ ಸಾಲು ಇನ್ನೊಂದಿಲ್ಲ, ಇಡೀ ವಿಷಯದಲ್ಲಿ ಇದರಷ್ಟು ಅಪಾಯದ್ದೂ ಇಲ್ಲ. ಎಲ್ಲ ಅಂಕಿಗಳೂ ಖಾಲಿ ಇರುವಾಗ ಏನಾಗುತ್ತದೆ ನೋಡಬೇಕು. ಏನೂ ಇಲ್ಲದ್ದರ ಮೊತ್ತ ಗಣಿತದ ನಿಯಮದಂತೆ ಸೊನ್ನೆ. ಹಾಗಾಗಿ ಇಡೀ ತಿಂಗಳು ಕೆಟ್ಟು ಕೂತ ಮಳೆಮಾಪಕದ ಒಟ್ಟು ಮಳೆ, ಆ ಸ್ವಿಚ್ ಹಾಕಿದರೆ, ಸೊನ್ನೆ ಮಿಲಿಮೀಟರ್. ಕೆಟ್ಟ ಯಂತ್ರ ಬರಗಾಲವಾಗಿಬಿಟ್ಟಿತು. ಪಾಂಡಾಸ್ ಕಟ್ಟಿದವರೂ ಈ ವಿಷಯದಲ್ಲಿ ಹಿಂದೆಮುಂದೆ ನೋಡಿದ್ದಾರೆ: 2017ರ ಅಕ್ಟೋಬರಿನ ಆವೃತ್ತಿಯಲ್ಲಿ ಪೂರ್ತಿ ಖಾಲಿ ಪಟ್ಟಿಯ ಮೊತ್ತ ಖಾಲಿಯೇ ಎಂದು ಮಾಡಿದರು, ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಸೊನ್ನೆ ಎಂದರು. ಜೊತೆಗೆ, ಕನಿಷ್ಠ ಇಷ್ಟು ಅಂಕಿಗಳಾದರೂ ಇದ್ದರೆ ಮಾತ್ರ ಮೊತ್ತ ಕೊಡು ಎಂದು ಹೇಳಬಲ್ಲ ಒಂದು ಆರ್ಗ್ಯುಮೆಂಟನ್ನು ಸೇರಿಸಿದರು.

ಕರ್ನಾಟಕದ ಓದುಗರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂಪರ್ಕದ ಮಳೆಮಾಪಕಗಳನ್ನಿಟ್ಟು 15 ನಿಮಿಷಕ್ಕೊಮ್ಮೆ ಅಂಕಿ ತರಿಸಿಕೊಳ್ಳುತ್ತದೆ. ಮಲೆನಾಡಿನ ಅಡಿಕೆ, ಕಾಳುಮೆಣಸಿನ ಬೆಳೆಗಾರರಿಗೆ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿರ್ಧಾರವಾಗುವುದು ಮಳೆಯ ಅಂಕಿಗಳಿಂದ. ಅಲ್ಲಿ ಖಾಲಿ ಜಾಗಕ್ಕೂ ಸೊನ್ನೆಗೂ ಇರುವ ಅಂತರ ಒಂದು ಕುಟುಂಬದ ವರ್ಷದ ಆದಾಯವನ್ನೇ ಅತ್ತಿತ್ತ ಮಾಡಬಲ್ಲದು. ವಿಶ್ವ ಹವಾಮಾನ ಸಂಸ್ಥೆ 2017ರಲ್ಲಿ ಹೊರತಂದ ಮಾರ್ಗಸೂಚಿ ಸರಾಸರಿಗೂ ಮೊತ್ತಕ್ಕೂ ಬೇರೆ ಬೇರೆ ನಿಯಮ ಹೇಳುತ್ತದೆ. ತಾಪಮಾನದ ತಿಂಗಳ ಸರಾಸರಿಗೆ ಕೆಲವು ದಿನಗಳ ಅಂಕಿ ಇಲ್ಲದಿದ್ದರೂ ನಡೆಯುತ್ತದೆ. ಒಟ್ಟು 11 ದಿನ, ಇಲ್ಲವೇ ಸತತ 5 ದಿನ ತಪ್ಪಿದರೆ ಸರಾಸರಿ ತೆಗೆಯುವಂತಿಲ್ಲ. ಮಳೆಯಂಥ ಮೊತ್ತದ ವಿಷಯದಲ್ಲಿ ಎಲ್ಲ ದಿನಗಳ ಲೆಕ್ಕವೂ ಬೇಕು. ಒಂದು ದಿನದ ಬಿಸಿಲು ಮರುದಿನದಂತೆಯೇ ಇರಬಹುದು, ಒಂದು ದಿನದ ಮಳೆ ಇಡೀ ತಿಂಗಳನ್ನೇ ಬದಲಿಸಬಲ್ಲದು. 2023ರ ಸೆಪ್ಟೆಂಬರಿನ ಮಿಯಾಪುರವೇ ಅದಕ್ಕೆ ಸಾಕ್ಷಿ.

ಖಾಲಿ ಅಂಕಿಗಳನ್ನು ಹೇಗೆ ತಪಾಸಿಸಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿರುವ ಅತ್ಯುತ್ತಮ ಮಾದರಿ ಬಹುಶಃ ವಾಯು ಗುಣಮಟ್ಟ ಸೂಚ್ಯಂಕದ ನಿಯಮ. 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ಸೂಚ್ಯಂಕವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ. ಮಿಯಾಪುರದ ಸುತ್ತಮುತ್ತ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಆವರಣದಲ್ಲಿ ಗಾಳಿಯನ್ನು ಸತತವಾಗಿ ಅಳೆಯುವ ಕೇಂದ್ರಗಳಿವೆ. ಸೂಚ್ಯಂಕ ಎಂಟು ಮಾಲಿನ್ಯಕಾರಕಗಳನ್ನು ಪರಿಗಣಿಸುತ್ತದೆ: ಎರಡು ಗಾತ್ರದ ದೂಳಿನ ಕಣಗಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯಾ ಮತ್ತು ಸೀಸ. ಒಂದೊಂದಕ್ಕೂ ಉಪಸೂಚ್ಯಂಕ ತೆಗೆದು, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆ ಊರಿನ ಸೂಚ್ಯಂಕ ಎಂದು ಸಾರಲಾಗುತ್ತದೆ. 50ರವರೆಗೆ ಉತ್ತಮ, 100ರವರೆಗೆ ಸಮಾಧಾನಕರ, 200ರವರೆಗೆ ಮಧ್ಯಮ, ಹೀಗೆ ಆರು ದರ್ಜೆಗಳು.

ಇಲ್ಲಿ ಲೆಕ್ಕ ಸರಳ: ಎಂಟರಲ್ಲಿ ದೊಡ್ಡದನ್ನು ಆರಿಸಿದರೆ ಆಯಿತು. ಆದರೆ ಒಂದು ದಿನ ದೂಳು ಅಳೆಯುವ ಎರಡೂ ಯಂತ್ರಗಳು ನಿಂತಿವೆ ಎಂದುಕೊಳ್ಳೋಣ. ನೈಟ್ರೋಜನ್ ಡೈಆಕ್ಸೈಡಿನ ಉಪಸೂಚ್ಯಂಕ 35, ಸಲ್ಫರ್ ಡೈಆಕ್ಸೈಡಿನದು 18, ಕಾರ್ಬನ್ ಮಾನಾಕ್ಸೈಡಿನದು 40, ಓಝೋನಿನದು 44. ಖಾಲಿ ಬಿಟ್ಟು ದೊಡ್ಡದನ್ನು ಆರಿಸು ಎಂದರೆ ಉತ್ತರ 44, ದರ್ಜೆ ಉತ್ತಮ. ನಮ್ಮ ನಗರಗಳಲ್ಲಿ ಸಾಮಾನ್ಯವಾಗಿ ಸೂಚ್ಯಂಕವನ್ನು ಮೇಲೆತ್ತುವುದು ದೂಳೇ. ಅಂದರೆ ದೂಳಿನ ಯಂತ್ರ ನಿಂತ ದಿನವೇ ಊರಿನ ಗಾಳಿ ಚೆನ್ನಾಗಿದೆ ಎಂದು ಫಲಕದಲ್ಲಿ ಮೂಡುತ್ತಿತ್ತು. ಉಬ್ಬಸವಿರುವ ಮಗುವನ್ನು ಹೊರಗೆ ಕಳಿಸಬಹುದೆಂದು ತಾಯಿ ತೀರ್ಮಾನಿಸುತ್ತಿದ್ದಳು. ಹಾಗಾಗದಂತೆ ನಿಯಮ ತಡೆಯುತ್ತದೆ. ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಂಕಿ ಇರಬೇಕು, ಅವುಗಳಲ್ಲಿ ಒಂದು ದೂಳಿನ ಕಣವೇ ಆಗಿರಬೇಕು, ಪ್ರತಿಯೊಂದಕ್ಕೂ ಕನಿಷ್ಠ 16 ಗಂಟೆಗಳ ದತ್ತಾಂಶ ಬೇಕು. ಇಲ್ಲದಿದ್ದರೆ ದತ್ತಾಂಶ ಸಾಲದು ಎಂದು ಸೂಚ್ಯಂಕವನ್ನೇ ಕೊಡುವುದಿಲ್ಲ. ಎಷ್ಟು ಖಾಲಿ ಇದ್ದರೆ ಸಹಿಸಬಹುದು, ಯಾವುದು ಖಾಲಿಯಾದರೆ ಸಹಿಸಲಾಗದು ಎಂಬುದನ್ನು ಲೆಕ್ಕಕ್ಕೂ ಮುಂಚೆ, ಬಹಿರಂಗವಾಗಿ ಹೇಳಿರುವುದು ಇದರ ಹೆಚ್ಚುಗಾರಿಕೆ. ಎಂಟೂ ಖಾಲಿ ಇದ್ದಾಗ ಆರ್‌ನ ದೊಡ್ಡದನ್ನು ಆರಿಸುವ ಫಂಕ್ಷನ್, ಸ್ವಿಚ್ ಹಾಕಿದ್ದರೆ, ಒಂದು ಎಚ್ಚರಿಕೆಯ ಜೊತೆಗೆ ಋಣ ಅನಂತ ಎಂಬ ಉತ್ತರ ಕೊಡುತ್ತದೆ. ಅದು 50ಕ್ಕಿಂತ ಕಡಿಮೆಯಾದ್ದರಿಂದ ಮುಂದಿನ ಸಾಲಿನಲ್ಲಿ ದರ್ಜೆ ನೋಡಿದರೆ ಮತ್ತೆ ಉತ್ತಮ ಎಂದೇ ಬರುತ್ತದೆ.

ಖಾಲಿ ಜಾಗಕ್ಕೆ ಅಂಕಿಯ ವೇಷ ಹಾಕುವ ಪದ್ಧತಿ ಇನ್ನೊಂದು ಕಾಟ. ಖಾಲಿ ಎಂಬ ಗುರುತೇ ಇಲ್ಲದ ಹಳೆಯ ಕಡತಗಳಲ್ಲಿ 99, 999, ಋಣ 9999 ಮೊದಲಾದವನ್ನು ಆ ಕೆಲಸಕ್ಕೆ ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ. ಭಾರತೀಯ ಹವಾಮಾನ ಇಲಾಖೆಯ ಚೌಕಟ್ಟುವಾರು ಮಳೆ ದತ್ತಾಂಶದಲ್ಲಿ ಖಾಲಿ ಎಂದರೆ ಋಣ 999, ತಾಪಮಾನದ್ದರಲ್ಲಿ 99.9. ಋಣ ಮಳೆ ಕಂಡರೆ ಯಾರಾದರೂ ಎಚ್ಚರಗೊಳ್ಳುತ್ತಾರೆ. 99.9 ಡಿಗ್ರಿ ಮಾತ್ರ ಸರಾಸರಿಯೊಳಗೆ ಬೆರೆತು ಒಂದೆರಡು ಡಿಗ್ರಿ ಏರಿಸಿ ಮರೆಯಾಗಬಹುದು. ಇಲ್ಲಿ 'ಇಸ್ ಎನ್‌ಎ' ಪರೀಕ್ಷೆ ಏನೂ ಮಾಡದು, ಏಕೆಂದರೆ ಬಂದಿರುವುದು ಅಪ್ಪಟ ಅಂಕಿ. ತಾಪಮಾನ ಇಷ್ಟರಿಂದ ಇಷ್ಟರೊಳಗೆ ಇರಲೇಬೇಕು ಎಂಬ ಮಿತಿಯನ್ನೂ ತಪಾಸಿಸಬೇಕಾಗುತ್ತದೆ.

ಮಿಯಾಪುರದಿಂದ ಹೆದ್ದಾರಿಯಲ್ಲಿ ಚಂದಾನಗರ, ರಾಮಚಂದ್ರಾಪುರಂ ದಾಟಿದರೆ ಸಿಗುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಸ್ಥಾಪನೆಯಾಯಿತು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ, ಅಂದರೆ ಕಲಬುರಗಿ, ವಿಜಯಪುರ ಸೀಮೆಯ ಹೊಲಗಳಲ್ಲಿ ಬೆಳೆಯುವ ಬೆಳೆಗಳ ಮೇಲೆ ಅದು ಸಂಶೋಧನೆ ನಡೆಸುತ್ತದೆ. ಖಾಲಿ ಅಂಕಿಯ ಸಮಸ್ಯೆಗೆ ಮೊದಲ ವ್ಯವಸ್ಥಿತ ಉತ್ತರ ಹುಟ್ಟಿದ್ದು ಇಂಥ ಬೆಳೆ ಪ್ರಯೋಗಗಳಿಂದಲೇ. ಹೊಲವನ್ನು ಪಟ್ಟಿಗಳಾಗಿ, ಪಟ್ಟಿಗಳನ್ನು ತಾಕುಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿಗಳನ್ನು ಬಿತ್ತುತ್ತಾರೆ. ಒಂದು ತಾಕನ್ನು ದನ ಮೇಯ್ದರೆ, ಹಂದಿ ನುಗ್ಗಿದರೆ, ನೀರು ನಿಂತರೆ ಆ ಇಳುವರಿ ಕಾಣೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದಲ್ಲಿ ಆಲನ್ ಮತ್ತು ವಿಶಾರ್ಟ್ 1930ರಲ್ಲಿ, ಫ್ರಾಂಕ್ ಯೇಟ್ಸ್ 1933ರಲ್ಲಿ ಅದನ್ನು ಅಂದಾಜಿಸುವ ದಾರಿ ತೋರಿಸಿದರು.

ನಾಲ್ಕು ಪಟ್ಟಿ, ಐದು ತೊಗರಿ ತಳಿ, ಒಟ್ಟು ಇಪ್ಪತ್ತು ತಾಕು ಎಂದುಕೊಳ್ಳೋಣ. ಒಂದು ಕಾಣೆಯಾಗಿದೆ. ಅದೇ ಪಟ್ಟಿಯ ಉಳಿದ ನಾಲ್ಕು ತಾಕುಗಳ ಇಳುವರಿಯ ಮೊತ್ತ 46, ಅದೇ ತಳಿಯ ಉಳಿದ ಮೂರರದು 39, ಹತ್ತೊಂಬತ್ತೂ ತಾಕುಗಳದು 228. ಪಟ್ಟಿಗಳ ಸಂಖ್ಯೆಯಿಂದ 46ನ್ನು, ತಳಿಗಳ ಸಂಖ್ಯೆಯಿಂದ 39ನ್ನು ಗುಣಿಸಿ, ಕೂಡಿಸಿ, 228 ಕಳೆದರೆ 151. ಅದನ್ನು, ಪಟ್ಟಿ ಮತ್ತು ತಳಿಗಳ ಸಂಖ್ಯೆಯಿಂದ ಒಂದೊಂದು ಕಳೆದರೆ ಸಿಗುವ ಮೂರು ನಾಲ್ಕಲ 12ರಿಂದ ಭಾಗಿಸಿದರೆ 12.6. ಕಾಣೆಯಾದ ತಾಕಿನ ಅಂದಾಜು ಇದು. ಆ ಜಾಗದಲ್ಲಿ ಸೊನ್ನೆ ಬರೆದಿದ್ದರೆ 13 ಸರಾಸರಿಯಿದ್ದ ತಳಿ 9.75ಕ್ಕೆ ಇಳಿದು, ರೈತರಿಗೆ ತಲುಪಬೇಕಾದ ತಳಿ ತಿರಸ್ಕೃತವಾಗಬಹುದಿತ್ತು. ಇದರ ಜೊತೆಗೇ ಇರುವ ನಿಯಮ ಅಷ್ಟೇ ಮುಖ್ಯ: ಅಂದಾಜಿಸಿದ ಅಂಕಿ ಹೊಸ ಮಾಹಿತಿ ತರುವುದಿಲ್ಲವಾದ್ದರಿಂದ ದೋಷವನ್ನು ಅಳೆಯುವ ಲೆಕ್ಕದಲ್ಲಿ ಸ್ವಾತಂತ್ರ್ಯದ ಮಟ್ಟವನ್ನು, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಎಣಿಕೆಯನ್ನು, ಒಂದು ಕಡಿಮೆ ಮಾಡಬೇಕು. ತುಂಬಬಹುದು, ತುಂಬಿದ್ದನ್ನು ಅಳೆದದ್ದೆಂದು ತೋರಿಸುವಂತಿಲ್ಲ. ರಾಥಮ್‌ಸ್ಟೆಡ್‌ನಲ್ಲೇ ಬೆಳೆದ ಜೆನ್‌ಸ್ಟ್ಯಾಟ್ ತಂತ್ರಾಂಶ ಕಾಣೆಯಾದ ಇಳುವರಿಗೆ ನಕ್ಷತ್ರದ ಗುರುತು ಕೊಟ್ಟು ಈ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ.

ಅಂಕಿ ಏಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಸ್ಪಷ್ಟ ಸಿದ್ಧಾಂತವಾಗಿ ಕಟ್ಟಿಕೊಟ್ಟದ್ದು 1976ರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್. ಹಂದಿ ನುಗ್ಗಿದ ತಾಕಿಗೂ ತಳಿಯ ಗುಣಕ್ಕೂ ಸಂಬಂಧವಿಲ್ಲದಿದ್ದರೆ ಉಳಿದವುಗಳಿಂದ ಅಂದಾಜಿಸಬಹುದು. ಮಳೆ ಜೋರಾದಾಗಲೇ ವಿದ್ಯುತ್ ಹೋಗಿ ಮಳೆಮಾಪಕ ನಿಲ್ಲುವುದಾದರೆ ಕಾಣೆಯಾದ ಅಂಕಿಗಳೇ ಅತಿ ದೊಡ್ಡವು. ಉಳಿದ ದಿನಗಳ ಸರಾಸರಿ ತುಂಬಿದರೆ ತಪ್ಪು ಖಚಿತ. ಇದನ್ನು ಯಾವ ಫಂಕ್ಷನ್ನೂ ತಾನಾಗಿ ಕಂಡುಹಿಡಿಯಲಾರದು. ಇನ್ನು ಎಲೆಯೋ ಜೇಡರಬಲೆಯೋ ಕಟ್ಟಿಕೊಂಡ ಮಳೆಮಾಪಕ ಖಾಲಿಯನ್ನು ಕಳಿಸುವುದೇ ಇಲ್ಲ, ಸೊನ್ನೆಯನ್ನೇ ಕಳಿಸುತ್ತದೆ. ಸುತ್ತಲಿನ ಕೇಂದ್ರಗಳಲ್ಲೆಲ್ಲ ಮಳೆ ಬಿದ್ದು ಇಲ್ಲಿ ಮಾತ್ರ ಬೀಳಲಿಲ್ಲವೇ ಎಂದು ಅಕ್ಕಪಕ್ಕದ ಅಂಕಿಗಳ ಜೊತೆ ಹೋಲಿಸಿಯೇ ಅದನ್ನು ಹಿಡಿಯಬೇಕು.

ಹೂವಿನಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಹುಟ್ಟಿ, 2023ರ ಆಗಸ್ಟ್‌ನಲ್ಲಿ ತೀರಿಕೊಂಡ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಈ ಬಗೆಯ ಕೆಲಸವನ್ನು ದತ್ತಾಂಶದ ಪಾಟೀಸವಾಲು ಎಂದು ಕಂಡವರು. ತಮ್ಮ 'ಸ್ಟ್ಯಾಟಿಸ್ಟಿಕ್ಸ್ ಆ್ಯಂಡ್ ಟ್ರೂತ್' ಕೃತಿಯಲ್ಲಿ ಅವರು ಇದಕ್ಕೆ ವಿಶೇಷ ಜಾಗ ಕೊಟ್ಟಿದ್ದಾರೆ. ಅವರ ಹೆಸರಿನ ಗಣಿತ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನ ಸಂಸ್ಥೆ ಮಿಯಾಪುರಕ್ಕೆ ದೂರವಲ್ಲದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣದಲ್ಲೇ ಇದೆ. ಪಾಟೀಸವಾಲಿನಲ್ಲಿ ಯಂತ್ರಕ್ಕೆ ಒಪ್ಪಿಸಬಹುದಾದ ಭಾಗವೇ ಆರ್ಗ್ಯುಮೆಂಟಿನ ತಪಾಸಣೆ ಎನ್ನಬಹುದು.

ಆ ಭಾಗವನ್ನು ಬರೆಯಲು ಆರ್‌ನಲ್ಲಿ 'ಸ್ಟಾಪ್ ಇಫ್ ನಾಟ್' ಎಂಬ ಸಿದ್ಧ ಫಂಕ್ಷನ್ ಇದೆ. ಹೇಳಿದ ಷರತ್ತುಗಳಲ್ಲಿ ಒಂದು ತಪ್ಪಿದರೂ, ಉತ್ತರ 'ಎನ್‌ಎ' ಆದರೂ, ಕೆಲಸ ನಿಲ್ಲುತ್ತದೆ. 'ಚೆಕ್‌ಮೇಟ್' ಎಂಬ ಹೆಚ್ಚುವರಿ ಕಟ್ಟು ಇದನ್ನು ಇನ್ನಷ್ಟು ಸುಲಭವಾಗಿಸುತ್ತದೆ. ದೋಷದ ಸಂದೇಶ ಹೇಗಿರಬೇಕು ಎಂಬುದಕ್ಕೂ ಗಮನ ಬೇಕು: 'ಆರ್ಗ್ಯುಮೆಂಟ್ ತಪ್ಪು' ಎಂದರೆ ಯಾರಿಗೂ ಉಪಯೋಗವಿಲ್ಲ, 'ಮಳೆ ಎಂಬ ಆರ್ಗ್ಯುಮೆಂಟಿನ 4ನೆಯ ಜಾಗ ಖಾಲಿ ಇದೆ' ಎಂದರೆ ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ. ಒಳಗಿನ ಸಿದ್ಧ ಫಂಕ್ಷನ್‌ಗಳ ರೂಢಿಯೂ ಗೊತ್ತಿರಬೇಕು. ನೇರ ರೇಖೆ ಹೊಂದಿಸುವ ಆರ್‌ನ ಪ್ರಸಿದ್ಧ ಫಂಕ್ಷನ್ ಖಾಲಿ ಇರುವ ಸಾಲುಗಳನ್ನು ತಾನಾಗಿ ಕೈಬಿಡುತ್ತದೆ. ಸಾರಾಂಶ ಕೇಳಿದರೆ ಮಾತ್ರ ಕೊನೆಯಲ್ಲಿ ಇಷ್ಟು ಸಾಲು ಬಿಟ್ಟಿದೆ ಎಂದು ಒಂದು ಸಾಲಿನಲ್ಲಿ ತಿಳಿಸುತ್ತದೆ. ಎಣಿಕೆಯ ಕೋಷ್ಟಕ ಮಾಡುವ ಫಂಕ್ಷನ್ನೂ ಕೇಳದ ಹೊರತು ಖಾಲಿಗಳನ್ನು ಎಣಿಸುವುದಿಲ್ಲ.

ಬರೆದ ತಪಾಸಣೆ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಫಂಕ್ಷನ್ನಿಗೆ ಬೇಕೆಂದೇ ಕೆಟ್ಟ ಆರ್ಗ್ಯುಮೆಂಟುಗಳನ್ನು ಕೊಟ್ಟು ನೋಡುವುದು ಕೊನೆಯ ಹಂತ. ಏನನ್ನೂ ಕೊಡದೆ ಒಮ್ಮೆ, 'ನಲ್' ಕೊಟ್ಟು ಒಮ್ಮೆ, ಒಂದು ಜಾಗ ಮಾತ್ರ ಖಾಲಿ ಇರುವ ಪಟ್ಟಿಯನ್ನು ಒಮ್ಮೆ, ಪೂರ್ತಿ ಖಾಲಿ ಪಟ್ಟಿಯನ್ನು ಒಮ್ಮೆ, 999ರ ವೇಷದ ಅಂಕಿಯನ್ನು ಒಮ್ಮೆ, ಅಡ್ಡಿಯಿಲ್ಲದ ಪಟ್ಟಿಯನ್ನು ಒಮ್ಮೆ ಕೊಡಬೇಕು. ಪ್ರತಿ ಸಲವೂ ಬರಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟು, ಫಂಕ್ಷನ್ ತಿದ್ದಿದಾಗಲೆಲ್ಲ ಈ ಆರನ್ನೂ ಮತ್ತೆ ಓಡಿಸಬೇಕು. ಎಷ್ಟು ಅಂಕಿ ಖಾಲಿ ಇದ್ದವು, ಅವನ್ನು ಬಿಡಲಾಯಿತೇ ಅಂದಾಜಿಸಲಾಯಿತೇ ಎಂಬುದನ್ನು ಫಂಕ್ಷನ್ ಉತ್ತರದ ಜೊತೆಗೇ ಹೇಳಿದರೆ, ವರದಿ ಓದುವವರಿಗೆ ಮಳೆಯ ಸರಾಸರಿಯ ಪಕ್ಕದಲ್ಲೇ ಅದು ಎಷ್ಟು ದಿನಗಳ ಸರಾಸರಿ ಎಂಬುದೂ ಕಾಣುತ್ತದೆ.